ಉಚಿತ ಟಿಕೆಟ್ಟಿಗೆ ಗಡಿ ಯಾಕೆ ಅಡ್ಡ?

ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ನಮ್ಮ ಆಂಧ್ರದಲ್ಲಿ 2025ರ ಆಗಸ್ಟ್ 15ರಂದು ಸ್ತ್ರೀ ಶಕ್ತಿ ಬಂತು. ಹೆಸರಿನಲ್ಲೂ ಅಕ್ಕತಂಗಿಯರು. ಎರಡೂ ಕಡೆ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಓಡಾಡುತ್ತಿದ್ದಾರೆ. ಒಳ್ಳೆಯದೇ ಆಯಿತು. ಅದನ್ನು ಕಂಡು ಹೊಟ್ಟೆ ಉರಿದುಕೊಳ್ಳುವ ಗಂಡಸರ ಪೈಕಿ ನಾನಲ್ಲ. ಆದರೆ ಸೆಟ್ಟೂರಿನಲ್ಲಿ ಕೂತು ನೋಡಿದರೆ ಬೇರೆಯದೇ ಲೆಕ್ಕ ಕಾಣುತ್ತದೆ.

ನಮ್ಮೂರ ಹೆಣ್ಣುಮಗಳು ಕಲ್ಯಾಣದುರ್ಗಕ್ಕೆ ಪಲ್ಲೆವೆಲುಗು ಬಸ್ಸು ಹತ್ತಿದರೆ ಶೂನ್ಯ ಟಿಕೆಟ್ಟು. ಅದೇ ಹೆಣ್ಣುಮಗಳು ಪರಶುರಾಂಪುರದಲ್ಲಿ ಚಳ್ಳಕೆರೆ ಬಸ್ಸು ಹತ್ತಿದರೆ ಕಂಡಕ್ಟರ್ ಕಾರ್ಡು ನೋಡಿ, "ಅಕ್ಕಾ, ಇದು ಆಂಧ್ರದ್ದು, ಟಿಕೆಟ್ ತಗೋಬೇಕು" ಅನ್ನುತ್ತಾನೆ. ಅವನದೇನೂ ತಪ್ಪಿಲ್ಲ, ಶಕ್ತಿ ಇರುವುದು ಕರ್ನಾಟಕದ ವಿಳಾಸ ಇದ್ದವರಿಗೆ. ಪರಶುರಾಂಪುರ ಸೀಮೆಗೆ ಕೊಟ್ಟಿರುವ ನನ್ನ ತಂಗಿಯ ಕಥೆ ಇದರ ಉಲ್ಟಾ. ಆಕೆ ಚಳ್ಳಕೆರೆ, ಚಿತ್ರದುರ್ಗ, ಬೇಕಾದರೆ ಬೆಂಗಳೂರಿಗೂ ಪುಕ್ಕಟೆ ಹೋಗಿ ಬರಬಹುದು. ತವರಿಗೆ ಬಂದು ಇಲ್ಲಿಂದ ಕಲ್ಯಾಣದುರ್ಗದ ಆಸ್ಪತ್ರೆಗೆ ಅವ್ವನನ್ನು ಕರಕೊಂಡು ಹೋಗಬೇಕೆಂದರೆ, ಅವ್ವನಿಗೆ ಉಚಿತ, ಮಗಳಿಗೆ ಟಿಕೆಟ್ಟು! ಇದರ ಮೇಲೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ನೇರ ಹೋಗುವ ಆಂಧ್ರದ ಬಸ್ಸಿಗೆ ಸ್ತ್ರೀ ಶಕ್ತಿ ಅನ್ವಯವೇ ಆಗುವುದಿಲ್ಲ.

ಹೈದರಾಬಾದು, ಅಮರಾವತಿ, ಬೆಂಗಳೂರಿನಲ್ಲಿ ಕೂತವರಿಗೆ ಗಡಿ ಅಂದರೆ ನಕಾಶೆಯ ಕೊನೆ. ನಮಗೆ ಅದು ಊರ ನಡುವಿನ ಬದು ಇದ್ದ ಹಾಗೆ. ನಕಾಶೆ ತೆಗೆದು ನೋಡಿ. ಪಾವಗಡಕ್ಕೆ ಮೂರು ದಿಕ್ಕಿನಲ್ಲಿ ಆಂಧ್ರ. ಪಾವಗಡದವರು ಮಧುಗಿರಿ ದಾರಿಯಲ್ಲಿ ತಮ್ಮದೇ ಜಿಲ್ಲಾಕೇಂದ್ರ ತುಮಕೂರಿಗೆ ಹೋಗಬೇಕಾದರೆ ಆಂಧ್ರದ ನೆಲ ತುಳಿದೇ ಹೋಗಬೇಕು. ಕಲ್ಯಾಣದುರ್ಗದವರು ನೇರ ದಾರಿಯಲ್ಲಿ ಹಿಂದೂಪುರಕ್ಕೆ ಹೋಗಬೇಕಾದರೆ ನಡುವೆ ಪಾವಗಡ ಬರುತ್ತದೆ. ಅಂದರೆ ಆಂಧ್ರದಿಂದ ಆಂಧ್ರಕ್ಕೆ ಹೋಗಲು ಕರ್ನಾಟಕ, ಕರ್ನಾಟಕದಿಂದ ಕರ್ನಾಟಕಕ್ಕೆ ಹೋಗಲು ಆಂಧ್ರ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ ರಾಯದುರ್ಗ ಆಂಧ್ರದಲ್ಲೇ ಉಳಿದಾಗ ಭಾಷೆಯ ಲೆಕ್ಕ ಹಾಕಿದವರು, ಸಂತೆಯ ಲೆಕ್ಕ, ಬೀಗತನದ ಲೆಕ್ಕ ಹಾಕಲಿಲ್ಲ. ಹಾಕಲು ಆಗುವುದೂ ಇಲ್ಲ ಬಿಡಿ. ಹೆಣ್ಣು ಕೊಡುವಾಗ, ತರುವಾಗ ನಾವು ರಾಜ್ಯ ಯಾವುದೆಂದು ಕೇಳುವವರಲ್ಲ, ನೀರು ಇದೆಯೇ ಎಂದು ಕೇಳುವವರು.

ವ್ಯಾಪಾರವೂ ಹಾಗೇ. ಶೇಂಗಾ ಅಂದರೆ ನಮ್ಮವರ ಕಣ್ಣು ಎಣ್ಣೆ ಗಿರಣಿಗಳ ಚಳ್ಳಕೆರೆ ಕಡೆ ತಿರುಗುತ್ತದೆ. ಹುಣಸೆಹಣ್ಣು, ರೇಷ್ಮೆಗೂಡು ಅಂದರೆ ಪಾವಗಡ, ಮಧುಗಿರಿ, ಗೌರಿಬಿದನೂರಿನವರ ಕಣ್ಣು ಹಿಂದೂಪುರದ ಕಡೆ. ಶನಿವಾರ ಬಂತೆಂದರೆ ಪಾವಗಡದ ಶನಿಮಹಾತ್ಮನ ಗುಡಿಯಲ್ಲಿ ತೆಲುಗು ಮಾತೇ ಜಾಸ್ತಿ ಕೇಳುತ್ತದೆ. ಗೂಡಿನ ವಿಷಯ ರೇಷ್ಮೆ ಬೆಳೆದವರಿಗೆ ಹೇಳಬೇಕಾಗಿಲ್ಲ. ಹಣ್ಣಾದ ಗೂಡನ್ನು ಇಟ್ಟುಕೊಂಡು ಕಾಯಲು ಬರುವುದಿಲ್ಲ, ಚಿಟ್ಟೆ ತೂತು ಮಾಡಿಕೊಂಡು ಹೊರಬಂದರೆ ದಾರ ಹೋಯಿತು, ದರವೂ ಹೋಯಿತು. ಬೆಳಗಿನ ಹರಾಜಿಗೆ ಮುಟ್ಟಿಸುವ ಬಸ್ಸು ತಪ್ಪಿದರೆ ಚೀಲ ಹೊತ್ತ ಸಣ್ಣ ರೈತನಿಗೆ ಆಟೋ ಬಾಡಿಗೆಯೇ ಗತಿ. ಇದು ಗಂಡಸರ ಬಾಬತ್ತು, ಅವರಿಗೆ ಉಚಿತವೇನೂ ಇಲ್ಲ. ಕರ್ನಾಟಕದಲ್ಲಿ 2025ರ ಜನವರಿಯಲ್ಲಿ ದರ ನೂರಕ್ಕೆ ಹದಿನೈದು ಏರಿತಲ್ಲ, ಅದನ್ನೂ ಕೊಟ್ಟೇ ಹೋಗುತ್ತಿದ್ದಾರೆ. ಅವರು ಕೇಳುವುದು ವೇಳೆಗೆ ಬರುವ ಬಸ್ಸು, ಅಷ್ಟೇ.

ಬಸ್ಸೇ ಇಲ್ಲದ ಕಡೆ ಉಚಿತ ಪ್ರಯಾಣದಿಂದ ಏನು ಬಂತು? ಪಾವಗಡ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಹಿಂದಿನಿಂದಲೂ ಖಾಸಗಿ ಬಸ್ಸನ್ನೇ ನಂಬಿಕೊಂಡಿವೆ. ಖಾಸಗಿ ಬಸ್ಸಿನಲ್ಲಿ ಶಕ್ತಿ ಇಲ್ಲ. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ, ತುಂಬಿ ತುಳುಕುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಹತ್ತಿರ ಮಗುಚಿತು. ಓದಲು ಹೊರಟಿದ್ದ ಮಕ್ಕಳೂ ಸತ್ತರು. ವೈ.ಎನ್. ಹೊಸಕೋಟೆ ನಮಗೇನು ದೂರದ ಊರಲ್ಲ. ಆವತ್ತು ಗಡಿಯ ಈಚೆಗೂ ಒಲೆ ಹಚ್ಚದ ಮನೆಗಳಿದ್ದವು. ಡ್ರೈವರನನ್ನು ಬೈದರು, ಬಸ್ಸಿನ ಮಾಲೀಕರನ್ನು ಬೈದರು. ಬೈಯಬೇಕಾದ್ದೇ. ಆದರೆ ಮಕ್ಕಳು ಅಂಥ ಬಸ್ಸನ್ನೇ ಯಾಕೆ ಹತ್ತಿದರು? ಹಿಂದೆ ಇನ್ನೊಂದು ಬರುತ್ತದೆ ಅನ್ನುವ ನಂಬಿಕೆ ಇದ್ದಿದ್ದರೆ ಹತ್ತುತ್ತಿದ್ದರೆ?

ಅಧಿಕಾರಿಗಳನ್ನು ಕೇಳಿದರೆ ಅಂತರರಾಜ್ಯ ಒಪ್ಪಂದ ಅನ್ನುತ್ತಾರೆ. ಅದು ನಿಜವೇ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಒಂದು ರಾಜ್ಯದ ಪರ್ಮಿಟ್ಟಿಗೆ ಇನ್ನೊಂದು ರಾಜ್ಯದ ರುಜುವೂ ಬೀಳಬೇಕು. ಎರಡು ಸರ್ಕಾರಗಳು ಕೂತು ಯಾವ ದಾರಿಗೆ ಯಾರ ಬಸ್ಸು, ಎಷ್ಟು ಟ್ರಿಪ್ಪು, ಎಷ್ಟು ಕಿಲೋಮೀಟರು ಎಂದು ಬರೆದುಕೊಳ್ಳುತ್ತವೆ. ನೀನು ನನ್ನ ನೆಲದಲ್ಲಿ ಓಡಿಸಿದಷ್ಟು ನಾನು ನಿನ್ನ ನೆಲದಲ್ಲಿ ಓಡಿಸುತ್ತೇನೆ ಎಂಬ ಮುಯ್ಯಿ ಅದು. ಆದರೆ ಆ ಮುಯ್ಯಿಯಲ್ಲಿ ತಿರುಪತಿ, ಬೆಂಗಳೂರು, ಹೈದರಾಬಾದಿನ ದೊಡ್ಡ ಬಸ್ಸುಗಳಿಗೆ ಮೊದಲ ಪಂಕ್ತಿ. ಪರಶುರಾಂಪುರ, ಸೆಟ್ಟೂರು, ಕುಂದುರ್ಪಿಯಂಥವಕ್ಕೆ ಎಲೆ ಹಾಕುವ ಹೊತ್ತಿಗೆ ಪಾತ್ರೆ ಖಾಲಿ. ಡಿಪೋದವರಿಗೆ ಕಿಲೋಮೀಟರಿಗೆ ಎಷ್ಟು ಬಂತು ಅನ್ನುವ ಲೆಕ್ಕ ಒಪ್ಪಿಸುವ ಕಷ್ಟ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನನ್ನ ಮಾತು ಇಷ್ಟು. ಶಕ್ತಿ, ಸ್ತ್ರೀ ಶಕ್ತಿ ಎರಡೂ ಗಡಿ ತಾಲ್ಲೂಕಿನ ಹೆಣ್ಣುಮಕ್ಕಳಿಗೆ ಪಕ್ಕದ ರಾಜ್ಯದ ಮೊದಲ ತಾಲ್ಲೂಕು ಕೇಂದ್ರದವರೆಗೆ ನಡೆಯಬೇಕು. ನಮ್ಮವರಿಗೆ ಚಳ್ಳಕೆರೆ, ಪಾವಗಡ, ಗೌರಿಬಿದನೂರಿನವರೆಗೆ. ಅವರಿಗೆ ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ, ಹಿಂದೂಪುರದವರೆಗೆ. ಯಾರೂ ತಿರುಪತಿಗೆ ಪುಕ್ಕಟೆ ಕಳಿಸಿ ಎಂದು ಕೇಳುತ್ತಿಲ್ಲ. ದುಡ್ಡು ಯಾರು ಕೊಡಬೇಕು? ಈಗ ಹೇಗೂ ಶೂನ್ಯ ಟಿಕೆಟ್ಟು ಹರಿದುಕೊಟ್ಟು ಅದರ ಲೆಕ್ಕ ಸರ್ಕಾರಕ್ಕೆ ಕಳಿಸುತ್ತಾರೆ. ಆ ಮಿಷನ್ನಿನಲ್ಲಿ ಇನ್ನೊಂದು ಗುಂಡಿ ಸೇರಿಸಿದರೆ ಪಕ್ಕದ ರಾಜ್ಯದ ಹೆಣ್ಣುಮಕ್ಕಳು ಎಷ್ಟು ಜನ ಹತ್ತಿದರೆಂದು ಬೇರೆ ಬರೆದುಕೊಳ್ಳಬಹುದು. ತಿಂಗಳ ಕೊನೆಗೆ ಇವರ ಬಾಕಿ ಅವರು, ಅವರ ಬಾಕಿ ಇವರು ತೀರಿಸಿಕೊಂಡರಾಯಿತು. ನಮ್ಮ ಸಂತೆಯ ಅಂಗಡಿಯವರು ಎರಡು ಭಾಷೆಯಲ್ಲಿ ಉದ್ರಿ ಪುಸ್ತಕ ಇಟ್ಟು ಚುಕ್ತಾ ಮಾಡಿಕೊಳ್ಳುತ್ತಾರೆ. ಎರಡು ಸರ್ಕಾರಗಳಿಗೆ ಅಷ್ಟು ಬರುವುದಿಲ್ಲವೆ?

ಕಾರ್ಡಿನ ವಿಷಯ ಇತ್ಯರ್ಥವಾಗುವುದಕ್ಕೆ ವರ್ಷಗಟ್ಟಲೆ ಹಿಡಿಯಬಹುದು. ವೇಳಾಪಟ್ಟಿಗೆ ಅಷ್ಟು ಬೇಕಿಲ್ಲ. ಈಗ ಕೆಲವು ಕಡೆ ಈ ರಾಜ್ಯದ ಬಸ್ಸು ಗಡಿಯ ಈಚೆಗೆ ತಿರುಗಿಕೊಳ್ಳುತ್ತದೆ, ಆ ರಾಜ್ಯದ್ದು ಆಚೆಗೆ. ನಡುವಿನ ದಾರಿಯಲ್ಲಿ ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು. ಇದು ಬಂದು ನಿಲ್ಲುವ ಹೊತ್ತಿಗೆ ಅದು ಹೊರಟಿರುತ್ತದೆ. ಕಲ್ಯಾಣದುರ್ಗ, ಚಳ್ಳಕೆರೆ, ಪಾವಗಡದ ಡಿಪೋ ವ್ಯವಸ್ಥಾಪಕರು ಒಂದು ಮಧ್ಯಾಹ್ನ ಒಟ್ಟಿಗೆ ಕೂತು ಹೊತ್ತು ಕೂಡಿಸಿದರೆ ಸಾಕು, ಇದಕ್ಕೆ ಹೊಸ ಬಸ್ಸೂ ಬೇಡ, ಕಾನೂನೂ ಬೇಡ.

ಇನ್ನೊಂದು ಸಣ್ಣ ಮಾತು, ಎರಡೂ ಭಾಷೆಯಲ್ಲಿ ಪದ್ಯ ಗೀಚುವವನ ಚಪಲ ಎಂದುಕೊಳ್ಳಿ. ಪಲ್ಲೆ ಅಂದರೆ ಹಳ್ಳಿ, ವೆಲುಗು ಅಂದರೆ ಬೆಳಕು. ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿ, ಅದೇ ಮಾತು. ಅಕ್ಷರಗಳೂ ತಲೆಕಟ್ಟು ಬದಲಾದ ಒಡಹುಟ್ಟಿದವು. ಗಡಿಯ ಬಸ್ಸಿನ ಬೋರ್ಡನ್ನು ಎರಡೂ ಲಿಪಿಯಲ್ಲಿ ಬರೆಸಿದರೆ ಬಣ್ಣದ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ. ಒಂದೇ ಲಿಪಿ ಓದಲು ಬರುವ ಮುದುಕಿ "ಇದು ಎಲ್ಲಿಗೆ ಹೋಗ್ತದಪ್ಪಾ?" ಎಂದು ಹತ್ತು ಜನರನ್ನು ಕೇಳುವುದು ತಪ್ಪುತ್ತದೆ.

ಸಂಜೆಯ ಕೊನೆ ಬಸ್ಸನ್ನಂತೂ ಮೊದಲು ನೋಡಬೇಕು. ಚಳ್ಳಕೆರೆಯಲ್ಲಿ ಮಾಲು ಮಾರಿ ದುಡ್ಡು ಎಣಿಸಿಕೊಂಡವನು, ಪಾವಗಡದಲ್ಲಿ ಕಾಲೇಜು ಮುಗಿಸಿದ ಹುಡುಗಿ, ಇಬ್ಬರೂ ಕತ್ತಲಾಗುವುದರೊಳಗೆ ಗಡಿ ದಾಟಿ ಮನೆ ಸೇರುವ ಹಾಗೆ ಎರಡೂ ನಿಗಮಗಳು ಒಂದೊಂದು ಟ್ರಿಪ್ಪು ಕೊಡಲಿ. ಮುಂಗಾರು ಶೇಂಗಾ ಮಾರುಕಟ್ಟೆಗೆ ಬರುವುದರೊಳಗೆ ಇಷ್ಟಾದರೂ ಆಗಬೇಕು.