ಹೆಗ್ಗಣದ ಇಂಗ್ಲಿಷ್ ಹೆಸರು

ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿ ಮಾತು ಒಂದೇ ಭಾಷೆಯಲ್ಲಿ ನಿಲ್ಲುವುದಿಲ್ಲ. ಶಾಲೆಯಲ್ಲಿ ಕನ್ನಡ, ಜಗುಲಿಯ ಮೇಲೆ ತೆಲುಗು, ಸಂತೆಯಲ್ಲಿ ಇವೆರಡರ ಜೊತೆಗೆ ಉರ್ದು, ತಮಿಳು. ರಾಗಿ ಒಕ್ಕಣೆ ಮುಗಿದ ಮೇಲೆ ಒಮ್ಮೆ ಅಲ್ಲಿನ ನೆಂಟರ ಮನೆಗೆ ಹೋಗಿದ್ದೆ. ಮೂಟೆಗಳನ್ನು ಪೇರಿಸಿದ್ದ ಕೋಣೆಯ ಮೂಲೆಯನ್ನು ತೋರಿಸಿ ಆ ಮನೆಯ ಅಜ್ಜಿ, "ಪಂದಿಕೊಕ್ಕುಲು ಗೋಡಂತಾ ತವ್ವೇಸಿನಾಯಿ ನಾಯನಾ" ಎಂದು ನೊಂದುಕೊಂಡರು. ಹೆಗ್ಗಣಗಳು ಗೋಡೆಯನ್ನೆಲ್ಲ ತೋಡಿಹಾಕಿದ್ದವು, ಬುಡದಲ್ಲಿ ಹಸಿ ಮಣ್ಣಿನ ಗುಡ್ಡೆ. ಗೋಣಿಚೀಲದ ಒಂದು ಮೂಲೆ ಕತ್ತರಿಸಿಹೋಗಿ ರಾಗಿ ನೆಲದ ಮೇಲೆ ಹರಡಿತ್ತು. ಪಕ್ಕದಲ್ಲೇ ಎಂಟನೇ ಕ್ಲಾಸಿನ ಮೊಮ್ಮಗಳು ಇಂಗ್ಲಿಷಿನ ಕಷ್ಟಪದಗಳನ್ನು ಹತ್ತತ್ತು ಸಲ ಬರೆಯುತ್ತಾ ಕೂತಿದ್ದಳು. ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಎಂದು ಕೇಳಿದೆ. "ರ‍್ಯಾಟ್" ಎಂದಳು. "ಅದು ಇಲಿ. ಹೆಗ್ಗಣಕ್ಕೆ ಬ್ಯಾಂಡಿಕೂಟ್" ಎಂದೆ. ಒಂದು ಕ್ಷಣ ಬಾಯೊಳಗೇ ಹೇಳಿಕೊಂಡು, ಪೆನ್ನು ಕೆಳಗಿಟ್ಟು ಕೇಳಿದಳು: "ಅದು ನಮ್ಮ ಪಂದಿಕೊಕ್ಕೇ ಅಲ್ವಾ ಮಾವಾ?"

ಅದೇ. ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿಯಂಥ ಇಲಿ, ಇಂಗ್ಲಿಷರ ಬಾಯಲ್ಲಿ ಬ್ಯಾಂಡಿಕೂಟ್ ಆಯಿತು. ಅವರು ಆ ಹೆಸರನ್ನು ಆಸ್ಟ್ರೇಲಿಯಕ್ಕೂ ಒಯ್ದು, ಹೊಟ್ಟೆಯಲ್ಲಿ ಚೀಲವಿರುವ ಅಲ್ಲಿನ ಬೇರೆಯೇ ಒಂದು ಪ್ರಾಣಿಗೆ ಇಟ್ಟರು. ಹುಡುಗಿ ಆ ಪದವನ್ನು ಹತ್ತು ಸಲ ಬರೆಯಲಿಲ್ಲ. ಆದರೂ ಅದನ್ನು ಮರೆಯುವುದಿಲ್ಲ ಎಂದು ನಾನು ಬಲ್ಲೆ.

ಹಳ್ಳಿಯ ಮಕ್ಕಳಿಗೆ ಇಂಗ್ಲಿಷಿನ ಅಪರೂಪದ ಪದಗಳು ಯಾಕೆ ಬೇಕು ಎಂದು ಕೇಳುವವರು ಬಹಳ ಮಂದಿ. ಅರ್ಜಿ ಬರೆಯಲು, ಕೆಲಸ ಹಿಡಿಯಲು ಎರಡು ಸಾವಿರ ಪದ ಸಾಕು, ಉಳಿದದ್ದು ಶೋಕಿ ಎನ್ನುತ್ತಾರೆ. 2019ರಲ್ಲಿ ಸರ್ಕಾರ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದಾಗ ನಡೆದ ವಾದವಿವಾದವೆಲ್ಲ ಮಾಧ್ಯಮದ ಸುತ್ತಲೇ ತಿರುಗಿತು. ಪದದ ರುಚಿಯ ಮಾತನ್ನು ನಾನು ಎಲ್ಲಿಯೂ ಕೇಳಲಿಲ್ಲ. ಬಡವರ ಮಕ್ಕಳಿಗೆ ಉಪಯೋಗದ ಇಂಗ್ಲಿಷ್, ಉಳ್ಳವರ ಮಕ್ಕಳಿಗೆ ಆನಂದದ ಇಂಗ್ಲಿಷ್ ಎಂಬ ಈ ಹಂಚಿಕೆಯನ್ನು ನಾನು ಒಪ್ಪಲಾರೆ. ಭಾಷೆಯ ಜೊತೆ ಆಟವಾಡಿದವನಿಗೆ ಅದರ ಹೆದರಿಕೆ ಹೋಗುತ್ತದೆ. ಹೆದರಿಕೆ ಹೋಗದೆ ಆ ಎರಡು ಸಾವಿರ ಪದಗಳೂ ಬಾಯಿಗೆ ಬರುವುದಿಲ್ಲ.

ಇನ್ನೂ ಒಂದು ಮಾತಿದೆ. ಗಡಿನಾಡಿನ ಮಗುವಿಗೆ ಪದ ಬಿಡಿಸುವ ವಿದ್ಯೆ ಅರ್ಧ ಬಂದೇ ಇರುತ್ತದೆ. ಮನೆಯಲ್ಲಿ ಪಾಲು ಎಂದದ್ದು ಶಾಲೆಯಲ್ಲಿ ಹಾಲು. ಅಲ್ಲಿ ಪಂದಿ, ಇಲ್ಲಿ ಹಂದಿ. ಅಲ್ಲಿ ಪುಲಿ, ಇಲ್ಲಿ ಹುಲಿ. ಪಕಾರ ಹಕಾರವಾಗುವುದನ್ನು ಯಾರೂ ಹೇಳಿಕೊಡದೆ ಅದರ ನಾಲಿಗೆ ಕಲಿತಿದೆ. ಇಂಥ ಹೋಲಿಕೆಗಳನ್ನು ಜೋಡಿಸಿಯೇ ಮದರಾಸಿನ ಇಂಗ್ಲಿಷ್ ಅಧಿಕಾರಿ ಎಲ್ಲಿಸ್ 1816ರಲ್ಲಿ ತೆಲುಗು, ತಮಿಳು, ಕನ್ನಡ ಒಂದೇ ಮನೆತನದವು ಎಂದು ತೋರಿಸಿದ. ಲ್ಯಾಟಿನ್ನಿನಲ್ಲಿ ಪಕಾರವಿರುವ ಕಡೆ ಇಂಗ್ಲಿಷಿನಲ್ಲಿ ಫಕಾರವಿರುತ್ತದೆ ಎಂದು ಈ ಮಗುವಿಗೆ ಹೇಳಿ ನೋಡಿ: ಅಲ್ಲಿ ಪಾತೆರ್ ಇಲ್ಲಿ ಫಾದರ್, ಅಲ್ಲಿ ಪಿಸ್ಕಿಸ್ ಇಲ್ಲಿ ಫಿಶ್ ಎಂಬುದು ಅದಕ್ಕೆ ವಿಚಿತ್ರ ಎನಿಸುವುದಿಲ್ಲ. ಬೆಂಗಳೂರಿನಲ್ಲಿ ಒಂದೇ ಭಾಷೆಯಲ್ಲಿ ಬೆಳೆದ ಮಗುವಿಗಿಂತ ಬೇಗ ಇದಕ್ಕೆ ಹೊಳೆಯುತ್ತದೆ. ಈ ಬಂಡವಾಳವನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ, "ಮನೇಲಿ ತೆಲುಗು ಮಾತಾಡಿ ಕೆಟ್ಟೆ" ಎಂದು ಬೈಯುತ್ತೇವೆ.

2018ರಲ್ಲಿ ಶಶಿ ತರೂರ್ ಅವರು ತಮ್ಮ ಪುಸ್ತಕದ ಪರಿಚಯಕ್ಕೆ ಬಳಸಿದ 29 ಅಕ್ಷರಗಳ ಪದವನ್ನೇ ತೆಗೆದುಕೊಳ್ಳಿ: ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್. ದೇಶವೆಲ್ಲ ಅದರ ಉದ್ದಕ್ಕೆ ಬೆರಗಾಯಿತು. ಆದರೆ ಸಮಾಸ ಬಿಡಿಸಿ ಬೆಳೆದ ನಮಗೆ ಉದ್ದ ಯಾವ ದೊಡ್ಡದು? ಫ್ಲಾಕ್ಸಿ ಎಂದರೆ ಉಣ್ಣೆಯ ಎಳೆ, ನಾಸಿ ಎಂದರೆ ಕ್ಷುಲ್ಲಕವಾದದ್ದು, ನಿಹಿಲಿ ಎಂದರೆ ಏನೂ ಇಲ್ಲದ್ದು, ಪಿಲಿ ಎಂದರೆ ಕೂದಲು. ನಾಲ್ಕೂ ಬೆಲೆಯಿಲ್ಲದ ವಸ್ತುಗಳು. ಹಾಗೆ ಬೆಲೆಯಿಲ್ಲ ಎಂದು ಎಣಿಸುವುದೇ ಆ ಪದದ ಅರ್ಥ. ಇದನ್ನು ಬಿಡಿಸುತ್ತಾ ಹೋದಾಗ ನನಗೆ ಥಟ್ಟನೆ ಹೊಳೆದದ್ದು ತೃಣೀಕರಿಸು. ಅವರು ಉಣ್ಣೆಯೆಳೆ, ಕೂದಲು ಹಿಡಿದರು. ನಾವು ಹುಲ್ಲುಕಡ್ಡಿ ಹಿಡಿದೆವು. ಎಷ್ಟೋ ಸಲ ಬರೆದಿದ್ದ ತೃಣೀಕರಿಸು ಎಂಬ ಪದದೊಳಗಿನ ಹುಲ್ಲನ್ನು ನಾನು ಮೊದಲ ಸಲ ಕಂಡದ್ದು ಅಂದೇ.

ಮಕ್ಕಳಿಗೆ ಅಪರೂಪದ ಪದ ಕಲಿಸುವುದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡು ಗಟ್ಟಿಯಾದವು. ಒಂದು, ಇಂಥ ಪದಗಳು ಇನ್ನೊಬ್ಬರನ್ನು ತಗ್ಗಿಸುವ ಆಯುಧ ಎಂಬುದು. ನಿಜ. ಬೆಂಗಳೂರಿನಲ್ಲಿ ನನ್ನ ಮೊದಲ ಸಂದರ್ಶನದಲ್ಲಿ ಪುಸ್ತಕದಲ್ಲಿ ಕಲಿತ ಪದವೊಂದನ್ನು ಬರೆದಂತೆಯೇ ಉಚ್ಚರಿಸಿದೆ. ಎದುರು ಕೂತವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆ ನಗುವಿನ ಬಿಸಿ ಇನ್ನೂ ಆರಿಲ್ಲ. ಆದರೆ ತಪ್ಪು ಉಚ್ಚಾರವೆಂದರೆ ಕೇಳಿಸುವವರಿಲ್ಲದ ಕಡೆ ಕೂತು ಓದಿದ್ದಾನೆ ಎಂಬುದಕ್ಕೆ ಸಾಕ್ಷಿ. ಇದೇ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿ ಮೆಟ್ರಿಕ್ ದಾಟಲಿಲ್ಲ. ಓದಿ ಓದಿಯೇ ಇಂಗ್ಲಿಷ್ ಪತ್ರಿಕೆ ನಡೆಸುವಷ್ಟು ಬೆಳೆದರು. ಮ್ಯಾಕ್‌ಬೆತ್ ನಾಟಕವನ್ನು, ಉಮರ್ ಖಯ್ಯಾಮನನ್ನು ಕನ್ನಡಕ್ಕೆ ತಂದರು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಎಂ.ಎ. ಓದಿದ್ದು ಇಂಗ್ಲಿಷ್, ಕತೆ ಬರೆದದ್ದು ಕನ್ನಡದಲ್ಲಿ. ಪದವನ್ನು ಸವಿದವರು ಅದನ್ನು ಕಲ್ಲಿನಂತೆ ಬೀಸಬೇಕಿಲ್ಲ.

ಎರಡನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ನಮ್ಮ ಪದಗಳೇ ಸಾಯುತ್ತಿರುವಾಗ ಹೊರಗಿನ ಅಪರೂಪ ಯಾಕೆ? ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ಬದುಕಿದ್ದು ಕೆರೆಗಳಿಂದ. ಏರಿ, ತೂಬು, ಕೋಡಿ, ನೀರುಗಂಟಿ: ಈ ನಾಲ್ಕನ್ನೂ ಬಿಡಿಸಿ ಹೇಳಬಲ್ಲ ಹುಡುಗರು ಈಗ ಕಡಿಮೆ. ಇಲಾಖೆಯ ಕಡತದಲ್ಲಿ ಏರಿ ಬಂಡ್ ಆಗಿದೆ, ತೂಬು ಸ್ಲೂಯಿಸ್ ಆಗಿದೆ. ನನಗೂ ಸಂಕಟವಿದೆ. ಆದರೆ ಬಂಡ್ ಇಂಗ್ಲಿಷಿಗೆ ಹೋದದ್ದು ಪಾರಸಿಯ ಬಂದ್‌ನಿಂದ, ಸ್ಲೂಯಿಸ್ ಲ್ಯಾಟಿನ್ನಿನಲ್ಲಿ ಹೊರಗೆ ತಡೆದದ್ದು ಎಂಬ ಅರ್ಥದ ಪದದಿಂದ ಬಂದದ್ದು ಎಂದು ಹೇಳಿದರೆ, ಮಗು ಮರುಕ್ಷಣ ಕೇಳುವುದು "ಹಾಗಾದರೆ ತೂಬು?" ಎಂದು. ತೂಬನ್ನು ತೋರಿಸಲು ಕೆರೆಯ ಏರಿಗೇ ಕರೆದುಕೊಂಡು ಹೋಗಬೇಕಾಗುತ್ತದೆ. ತೂಬನ್ನು ಮರೆಸಿದ್ದು ಇಂಗ್ಲಿಷಿನ ಮೇಲಿನ ಪ್ರೀತಿಯಲ್ಲ. ಕೊಳವೆಬಾವಿ ಬಂತು, ತೂಬು ಎತ್ತುವ ಕೆಲಸವೇ ಹೋಯಿತು.

ಹೊರಗಿನ ಪದವೂ ನಮ್ಮ ನೆಲಕ್ಕೆ ಒಪ್ಪುವುದುಂಟು. ಒಣನೆಲದ ಮೇಲೆ ಮೊದಲ ಮಳೆ ಬಿದ್ದಾಗಿನ ಘಮಲಿಗೆ 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು, ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್, ಪೆಟ್ರಿಕೋರ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಪೆಟ್ರ ಕಲ್ಲು, ಇಕೋರ್ ದೇವತೆಗಳ ಮೈಯಲ್ಲಿ ಹರಿಯುವ ರಸ. ಮಳೆಗಾಗಿ ಬಾಯಿ ಬಿಟ್ಟು ಕಾಯುವ ಕೋಲಾರದವನಿಗಿಂತ ಹೆಚ್ಚು ಈ ಪದವನ್ನು ಆನಂದಿಸುವ ಹಕ್ಕು ಯಾರಿಗಿದೆ?

ನನ್ನ ಬೇಡಿಕೆ ಸಣ್ಣದು. ವಾರಕ್ಕೊಂದು ಪೀರಿಯಡ್, ಒಂದೇ ಒಂದು ಪದ. ಮಕ್ಕಳು ಅದರ ನೆಂಟರನ್ನು ಮನೆಯಲ್ಲಿ, ಸಂತೆಯಲ್ಲಿ ಹುಡುಕಿಕೊಂಡು ಬರಲಿ. ಮೇಷ್ಟ್ರಿಗೆ ಉತ್ತರ ಗೊತ್ತಿರಲೇಬೇಕೆಂದಿಲ್ಲ. ಅಂಕ ಮಾತ್ರ ಬೇಡ. ಅಂಕ ಇಟ್ಟ ದಿನವೇ ಅದು ಮತ್ತೆ ಹತ್ತು ಸಲ ಬರೆಯುವ ಪಟ್ಟಿಯಾಗುತ್ತದೆ.

ತಾಯಲೂರಿನ ಆ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಬೆಲ್ಲಕ್ಕೆ ಜಾಗರಿ ಅಂತಾರಲ್ಲ, ಅದು ಯಾರದು ಎಂದು ಕೇಳಿದಳು. ನಮ್ಮ ಸಕ್ಕರೆ, ಮಲಯಾಳಿಗಳ ಚಕ್ಕರ ಪೋರ್ಚುಗೀಸರ ಬಾಯಲ್ಲಿ ತಿರುಗಿ ಹಾಗಾಯಿತು, ಹಿಂದೆ ಹೋದರೆ ಸಂಸ್ಕೃತದ ಶರ್ಕರ ಸಿಗುತ್ತದೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: "ಹಂಗಾದ್ರೆ ಶುಗರ್ರೂ ಅದೇನಾ ಮಾವಾ?"