ಅಳತೆ ಪಟ್ಟಿಯ ತಪ್ಪು

ಜಗಲಿ ಕಟ್ಟಲು ಯಾರ ಅಪ್ಪಣೆ ಬೇಕು ಎಂದು ನಮ್ಮೂರಿನಲ್ಲಿ ಕೇಳಿದರೆ ಜನ ನಕ್ಕಾರು. ಇಂಗ್ಲೆಂಡಿನಲ್ಲಿ ಯಾರೂ ನಗಲಿಲ್ಲ.

ಮಗನ ಮನೆಯ ಹಿಂಬಾಗಿಲಿನಿಂದ ಹಿತ್ತಿಲಿಗೆ ಒಂದೂವರೆ ಅಡಿ ಇಳಿಯಬೇಕು. ಮಂಡಿನೋವಿನ ನನ್ನ ಹೆಂಡತಿ ಹೊಸ್ತಿಲಲ್ಲೇ ನಿಂತು ಹೂಗಿಡ ನೋಡುತ್ತಾಳೆ. ಹೊಸ್ತಿಲ ಮಟ್ಟಕ್ಕೆ ಮರದ ಹಲಗೆಯ ಜಗಲಿ ಹಾಕಿಸು ಎಂದೆ. 'ಡೆಕ್ಕಿಂಗ್ ಮೂವತ್ತು ಸೆಂಟಿಮೀಟರ್ ದಾಟಿದರೆ ಅರ್ಜಿ ಹಾಕಬೇಕಪ್ಪ' ಎಂದ. ಶಾಲೆಯ ಮಕ್ಕಳ ಅಡಿಪಟ್ಟಿಯ ಉದ್ದ! 2008ರಿಂದ ಅಲ್ಲಿನ ಕಾನೂನು ಅದು.

ಅಪ್ಪಣೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಎತ್ತರದಲ್ಲಿ ನಿಂತವನ ಕಣ್ಣು ಪಕ್ಕದ ಹಿತ್ತಿಲಿಗೆ ಬೀಳುತ್ತದೆ. ಪಕ್ಕದವರಿಗೆ ತಿಳಿಸಿ, ಆಕ್ಷೇಪಿಸಲು 21 ದಿನ ಕೊಡುವುದು ನ್ಯಾಯವೇ. ಕೇಳದೆ ಕಟ್ಟಿ, ಆಮೇಲೆ ಅಕ್ರಮ-ಸಕ್ರಮಕ್ಕೆ ಕಾಯುವ ನಮ್ಮ ಬೆಂಗಳೂರನ್ನು ಕಂಡವನು ನಾನು. 'ಸುಮ್ಮನೆ ಕಟ್ಟಿಸಿಬಿಡಿ, ಯಾರು ನೋಡ್ತಾರೆ?' ಎಂದ ಅಲ್ಲಿನ ನಮ್ಮವರೊಬ್ಬರ ಬುದ್ಧಿವಾದ ನನಗೆ ಹಿಡಿಸಲಿಲ್ಲ. ಹಿಂದೆ ನಾಲ್ಕು ವರ್ಷ ತಪ್ಪಿಸಿಕೊಂಡರೆ ಕಟ್ಟಿದ್ದು ಉಳಿಯುತ್ತಿತ್ತು. 2024ರ ಏಪ್ರಿಲ್ 25ರಿಂದ ಅಲ್ಲಿ ಆ ಅವಧಿ ಹತ್ತು ವರ್ಷ. ಒಳ್ಳೆಯದೇ ಆಯಿತು.

ನನ್ನ ಜಗಳವೆಲ್ಲ ಅಳೆಯುವ ರೀತಿಯ ಮೇಲೆ. ನೆಲ ಏರುತಗ್ಗಾಗಿದ್ದರೆ, ಜಗಲಿಗೆ ತಾಗಿದ ನೆಲದ ಅತಿ ಎತ್ತರದ ಜಾಗದಿಂದ ಅಳೆಯಬೇಕಂತೆ! ಹಾಗಾಗಿ ಇಳಿಜಾರಿನ ಮನೆಯವನು ಗೋಡೆಯ ಬಳಿ ಒಂದು ಗೇಣು ಎತ್ತರದಲ್ಲಿ ಹಲಗೆ ಹಾಸಲು ಶುರುಮಾಡಿ, ಇನ್ನೊಂದು ತುದಿಯನ್ನು ಆಳೆತ್ತರಕ್ಕೆ ಒಯ್ಯಬಹುದು. ಅಲ್ಲಿ ಕುರ್ಚಿ ಹಾಕಿ ಕೂತರೆ ಕೆಳಗಿನ ಮನೆಯವರ ಊಟದ ತಟ್ಟೆ ಕಾಣುತ್ತದೆ. ಅವನಿಗೆ ಅರ್ಜಿಯಿಲ್ಲ. ಸಮತಟ್ಟು ಹಿತ್ತಿಲಿನಲ್ಲಿ, ಆರೂವರೆ ಅಡಿ ಬೇಲಿಯ ಒಳಗೆ, ಐದಡಿಯೂ ಇಲ್ಲದ ನನ್ನ ಹೆಂಡತಿ ಒಂದೂವರೆ ಅಡಿ ಮೇಲೆ ನಿಂತರೂ ಅವಳ ಕಣ್ಣು ಬೇಲಿಯನ್ನು ಮುಟ್ಟದು. ಅವಳಿಗೆ ಅರ್ಜಿ, ಶುಲ್ಕ, ನಕ್ಷೆ, ಎಂಟು ವಾರದ ಕಾಯುವಿಕೆ!

ಕಾನೂನಿರುವುದು ಪಕ್ಕದವರ ಮರ್ಯಾದೆ ಕಾಯಲೆಂದಾದರೆ, ಅಳತೆ ಶುರುವಾಗಬೇಕಾದದ್ದು ಪಕ್ಕದವರು ನಿಂತ ನೆಲದಿಂದ. ಕಟ್ಟುವವನಿಗೆ ಅನುಕೂಲವಾದ ತುದಿಯಿಂದಲ್ಲ.

ಮಗ ಅರ್ಜಿ ಹಾಕಿದ್ದಾನೆ. ಅವಳು ಹೊಸ್ತಿಲಲ್ಲೇ ನಿಂತಿದ್ದಾಳೆ.