ಅಸಂಬದ್ಧ ಪದ್ಯದ ಪರವಾಗಿ ನಾಲ್ಕು ಮಾತು

ಎಡ್ವರ್ಡ್ ಲಿಯರ್, ಲೂಯಿಸ್ ಕ್ಯಾರಲ್ ಬರೆದ ಅಸಂಬದ್ಧ ಪದ್ಯಗಳ ಪ್ರಭಾವ ಇನ್ನೂ ಇದೆ ಎಂದರೆ ಮೂಗು ಮುರಿಯುವವರ ಮೊದಲ ತಕರಾರು ಇದು: ಅವು ಮಕ್ಕಳ ಪದ್ಯ, ಮಕ್ಕಳು ಬೆಳೆದರೆ ಮುಗಿಯಿತು. ಹಾಗಿದ್ದರೆ 1967ರಲ್ಲಿ ಜಾನ್ ಲೆನನ್ ಕ್ಯಾರಲ್‌ನ ವಾಲ್ರಸ್ಸನ್ನು ತನ್ನ ಹಾಡಿಗೆ ಯಾಕೆ ಎಳೆತಂದ? ಭೌತವಿಜ್ಞಾನಿ ಡೇವಿಡ್ ಮರ್ಮಿನ್ ಅತಿದ್ರವ ಹೀಲಿಯಮ್ಮಿನ ಒಂದು ವಿದ್ಯಮಾನಕ್ಕೆ ಕ್ಯಾರಲ್‌ನದೇ ಸ್ನಾರ್ಕ್ ಪದ್ಯದ 'ಬೂಜಮ್' ಹೆಸರಿಟ್ಟು, ಹಟ ಹಿಡಿದು ಸಂಶೋಧನಾ ಪತ್ರಿಕೆಗಳಿಗೂ ಒಪ್ಪಿಸಿದ. ಇವರಾರೂ ತೊಟ್ಟಿಲಲ್ಲಿ ಇರಲಿಲ್ಲ.

ಎರಡನೆಯದು: 'ಅರ್ಥವಿಲ್ಲದ್ದನ್ನು ಯಾರು ಬೇಕಾದರೂ ಗೀಚಬಹುದು.' ಗೀಚಿ ನೋಡೋಣ. 'ಜಿಬುಟನು ಬೊಳಕಿಯನ್ನು ಟಪ್ಪಳಿಸಿದನು.' ಜಿಬುಟ ಯಾರೋ, ಟಪ್ಪಳಿಸುವುದೆಂದರೆ ಏನೋ ತಿಳಿಯದು. ಆದರೂ ಪೆಟ್ಟು ತಿಂದದ್ದು ಯಾರೆಂದು ಗೊತ್ತಾಗಿ ಬೊಳಕಿಯ ಮೇಲೆ ಸಣ್ಣದೊಂದು ಕನಿಕರವೂ ಹುಟ್ಟುತ್ತದೆ. ಪ್ರತ್ಯಯಗಳನ್ನು ಕಿತ್ತುಹಾಕಿ, ಉಳಿಯುವುದು ಬರೀ ಸದ್ದು. ಕ್ಯಾರಲ್‌ನ 'ಜ್ಯಾಬರ್‌ವಾಕಿ' ನಿಂತಿರುವುದೇ ಈ ಕಟ್ಟುನಿಟ್ಟಿನ ಮೇಲೆ. ಅವನು ಆಕ್ಸ್‌ಫರ್ಡಿನ ಗಣಿತದ ಮೇಷ್ಟರು, ನೆನಪಿರಲಿ. ಅರ್ಥವನ್ನು ಬದಿಗಿಟ್ಟು ವ್ಯಾಕರಣವನ್ನಷ್ಟೇ ಮಿದುಳು ಹೇಗೆ ಗ್ರಹಿಸುತ್ತದೆಂದು ಪರೀಕ್ಷಿಸುವ ಸಂಶೋಧಕರು ಇಂಥ ವಾಕ್ಯಗಳನ್ನೇ ಬಳಸುತ್ತಾರೆ, ಅವುಗಳನ್ನು ಕರೆಯುವುದೂ ಜ್ಯಾಬರ್‌ವಾಕಿ ವಾಕ್ಯಗಳೆಂದೇ.

'ನಮ್ಮ ಬೆಡಗಿನ ವಚನ, ಕನಕದಾಸರ ಮುಂಡಿಗೆ ಇದನ್ನೆಲ್ಲ ಎಂದೋ ಮಾಡಿಲ್ಲವೇ?' ಇಲ್ಲ. ಬೆಡಗಿಗೆ ಟೀಕೆ ಉಂಟು, ಮುಂಡಿಗೆಗೆ ಬಿಡಿಸುವ ಬಗೆ ಉಂಟು. ಸ್ನಾರ್ಕ್ ಅಂದರೇನೆಂದು ಕೇಳಿದವರಿಗೆ ಕ್ಯಾರಲ್ ತನಗೂ ಗೊತ್ತಿಲ್ಲ ಎಂದುಬಿಟ್ಟ. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಅಲ್ಲಮನಿಗೇ ಅನ್ಯಾಯ.

ಇದೆಲ್ಲ ಇಂಗ್ಲಿಷ್ ಅಧ್ಯಾಪಕರು ಕಟ್ಟಿದ ಪ್ರಭಾವಳಿ ಎನ್ನುವವರಿಗೆ ಒಂದೇ ಮಾತು. ಕ್ಯಾರಲ್‌ನ ಆಲಿಸಳನ್ನು 'ಪಾತಾಳದಲ್ಲಿ ಪಾಪಚ್ಚಿ'ಯಾಗಿ ಕನ್ನಡಕ್ಕೆ ತಂದ ನಾ. ಕಸ್ತೂರಿ ಮೈಸೂರಿನಲ್ಲಿ ಕಲಿಸುತ್ತಿದ್ದದ್ದು ಇತಿಹಾಸ.

ಇನ್ನು ತೂಕದ ಆಕ್ಷೇಪ: ಇದು ಸಾಮ್ರಾಜ್ಯದ ಹೊಟ್ಟೆ ತುಂಬಿದವರ ವಿನೋದ. ಅರ್ಧ ಒಪ್ಪುತ್ತೇನೆ. ಭಾರತ ಸುತ್ತುತ್ತಿದ್ದ ಲಿಯರ್ 1874ರಲ್ಲಿ ಬರೆದ 'ಕಮ್ಮರ್‌ಬಂಡ್' ಪದ್ಯದಲ್ಲಿ ನಾಯಕಿ ಕೂರುವುದು ದೋಬಿಯ ಮೇಲೆ, ಅವಳನ್ನು ನುಂಗುವುದು ಒಂದು ಸೊಂಟಪಟ್ಟಿ. ಬಟ್ಟೆ ಒಗೆಯುವ ಮನುಷ್ಯ ಸಾಹೇಬನ ಕಿವಿಗೆ ಬರೀ ತಮಾಷೆಯ ಸದ್ದಾದ. ಇದು ನನಗೆ ನಗು ತರಿಸುವುದಿಲ್ಲ. ಆದರೆ ಆಕ್ಷೇಪಿಸುವವರು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಲಿಯರ್, ಕ್ಯಾರಲ್ ಇಬ್ಬರನ್ನೂ ಅರಗಿಸಿಕೊಂಡಿದ್ದ ಬಂಗಾಳಿ ಕವಿ ಸುಕುಮಾರ ರಾಯ್ ಅವರ 'ಆಬೋಲ್ ತಾಬೋಲ್' ಪದ್ಯಸಂಕಲನ 1923ರಲ್ಲಿ, ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಕಲ್ಕತ್ತೆಯಲ್ಲಿ ಹೊರಬಂತು. ಅದರಲ್ಲೊಂದು ರಾಜ್ಯವಿದೆ: ಕಾಲು ಜಾರಿ ಬಿದ್ದವನನ್ನು ಪೇದೆ ಹಿಡಿಯುತ್ತಾನೆ, ಕಾಜಿಯ ಮುಂದೆ ವಿಚಾರಣೆ, 21 ರೂಪಾಯಿ ದಂಡ. ಬ್ರಿಟಿಷ್ ಕಾನೂನಿನ ಅಣಕವೆಂದು ಇದನ್ನು ಓದುವ ವಿಮರ್ಶಕರು ಬಹಳ ಮಂದಿ ಇದ್ದಾರೆ. ರಾಯ್ ಮಾತ್ರ ಆ ದೇಶ ಶಿವನದು ಎಂದಷ್ಟೇ ಬರೆದು ಸುಮ್ಮನಾದರು.